ಹಿಡಿ ಅಕ್ಕಿಯ ಲೆಕ್ಕ

ಯಾವ ಊರಿನ ಮಹಿಳಾ ಸಮಾಜಕ್ಕಾದರೂ ಹೋಗಿ ನೋಡಿ. "ಈ ವರ್ಷ ಕಾರ್ಯದರ್ಶಿ ಯಾರಾಗ್ತೀರಮ್ಮಾ?" ಎಂದು ಕೇಳಿದ ಕೂಡಲೇ, ಅಷ್ಟು ಹೊತ್ತು ಗಲಗಲ ಎನ್ನುತ್ತಿದ್ದ ಕೋಣೆ ತಟ್ಟನೆ ಸುಮ್ಮನಾಗುತ್ತದೆ. ಒಬ್ಬರಿಗೆ ಸೆರಗು ಸರಿಮಾಡಿಕೊಳ್ಳುವ ಕೆಲಸ, ಇನ್ನೊಬ್ಬರಿಗೆ ಮಗುವಿನ ಮೂಗು ಒರೆಸುವ ಕೆಲಸ. "ನಂಗೆ ಮನೇಲಿ ಅತ್ತೆ ಇದ್ದಾರೆ", "ನಂಗೆ ಮಾತಾಡೋಕೆ ಬರಲ್ಲ", "ಹಳಬರೇ ಇರ್ಲಿ ಬಿಡಿ, ಅವರಿಗೆ ಅಭ್ಯಾಸ ಇದೆ". ಹೀಗೆ ಅಭ್ಯಾಸ ಇದ್ದವರೇ ಹತ್ತು ಹದಿನೈದು ವರ್ಷ ಕೂತುಬಿಡುತ್ತಾರೆ. ಆಮೇಲೆ ಹಿಂದಿನಿಂದ, "ಎಲ್ಲಾ ಅವರದೇ ದರ್ಬಾರು" ಎಂದು ಗೊಣಗುವವರೂ ಇದೇ ಸೆರಗು ಸರಿಮಾಡಿಕೊಂಡವರೇ!

ಸೋದರಿಯರೇ, ನಾನು ಹೇಳಹೊರಟಿರುವುದು ನಮ್ಮ ಚರ್ಚಿನ ಹೆಂಗಸರ ಕೂಟದ ಕಥೆ. ನಿಮ್ಮಲ್ಲಿ ಹೆಚ್ಚಿನವರಿಗೆ ಚರ್ಚಿನ ಒಳಗಿನ ವ್ಯವಹಾರ ಪರಿಚಯವಿರಲಿಕ್ಕಿಲ್ಲ. ಆದರೆ ನಿಮ್ಮ ಭಜನಾ ಮಂಡಳಿಯಲ್ಲಿ, ಸ್ತ್ರೀಶಕ್ತಿ ಸಂಘದಲ್ಲಿ ಇದೇ ನಡೆಯುತ್ತಿದ್ದರೆ ನನಗೇನೂ ಆಶ್ಚರ್ಯವಿಲ್ಲ.

ನಾವು ಸಿ.ಎಸ್.ಐ. ಸಭೆಯವರು, ಅಂದರೆ ದಕ್ಷಿಣ ಭಾರತ ಸಭೆ. ಆಂಗ್ಲಿಕನ್, ಮೆಥಡಿಸ್ಟ್ ಮುಂತಾಗಿ ಬೇರೆ ಬೇರೆಯಾಗಿದ್ದ ಸಭೆಗಳು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಒಂದಾಗಿ ಆದದ್ದು. ನಮ್ಮದು ಸಣ್ಣ ಊರು, ಸಣ್ಣ ಚರ್ಚು. ಅರವತ್ತು ಚಿಲ್ಲರೆ ಮನೆಗಳು. ಗುರುವಾರ ಮಧ್ಯಾಹ್ನ ಮೂರರಿಂದ ನಾಲ್ಕೂವರೆಯವರೆಗೆ ಹೆಂಗಸರ ಕೂಟ. ಆ ಹೊತ್ತನ್ನು ಯಾರು ಗೊತ್ತುಮಾಡಿದರೋ, ಗೃಹಿಣಿಯ ಕಷ್ಟ ತಿಳಿದವರೇ ಇರಬೇಕು. ಊಟದ ಪಾತ್ರೆ ತೊಳೆದು ಮುಗಿದಿರುತ್ತದೆ, ಮಕ್ಕಳು ಇನ್ನೂ ಶಾಲೆಯಿಂದ ಬಂದಿರುವುದಿಲ್ಲ. ಹಾಡು, ಬೈಬಲ್ ವಾಚನ, ಪ್ರಾರ್ಥನೆ, ಆಮೇಲೆ ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಬಾಣಂತನ, ಯಾರನ್ನು ನೋಡಿಕೊಂಡು ಬರಬೇಕು ಎಂಬ ಮಾತು. ಕೊನೆಗೆ ಟೀ.

ಈ ಕೂಟಕ್ಕೆ ನನ್ನನ್ನು ಎಳೆದುಕೊಂಡು ಹೋದವರು ಬೈಬಲಮ್ಮ. ಅವರ ಹೆಸರು ಅದಲ್ಲ, ಊರೆಲ್ಲ ಕರೆಯುತ್ತಿದ್ದದ್ದು ಹಾಗೆ. ಮಿಷನರಿಗಳ ಕಾಲದಿಂದಲೂ ನಮ್ಮ ಸಭೆಗಳಲ್ಲಿ 'ಬೈಬಲ್ ಸ್ತ್ರೀ' ಎಂಬ ಕೆಲಸವೊಂದಿತ್ತು. ಪಾದ್ರಿಗಳಾದ ಗಂಡಸರು ಮನೆಗಳ ನಡುಮನೆ ದಾಟಿ ಒಳಗೆ ಹೋಗುವ ಹಾಗಿರಲಿಲ್ಲ. ಆದ್ದರಿಂದ ಓದು ಬರಹ ಕಲಿತ ಇಲ್ಲಿಯ ಹೆಂಗಸರೇ ಮನೆಮನೆಗೆ ಹೋಗಿ ಓದಿ ಹೇಳುತ್ತಿದ್ದರು, ಅಕ್ಷರ ಕಲಿಸುತ್ತಿದ್ದರು, ಹೊಲಿಗೆ ಹೇಳಿಕೊಡುತ್ತಿದ್ದರು. ಅವರ ಸಂಬಳ ಕಡಿಮೆ, ಗೌರವವೂ ಪಾದ್ರಿಗಳಿಗೆ ಸಿಗುವಷ್ಟಲ್ಲ. ಸಭೆಯ ಚರಿತ್ರೆ ಬರೆದವರು ಇವರಿಗೆ ಒಂದೆರಡು ಸಾಲು ಕೊಟ್ಟು ಮುಂದೆ ಹೋಗುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಬೈಬಲಮ್ಮ 'ನಾಯಕತ್ವ' ಎಂಬ ಶಬ್ದವನ್ನೇ ಎಂದೂ ಬಳಸಿದವರಲ್ಲ. ಅವರ ರೀತಿ ಬೇರೆ. ಹೊಸದಾಗಿ ಬಂದ ಸೊಸೆಗೆ ಮೊದಲ ವಾರ, "ಈ ಎರಡು ವಚನ ಓದವ್ವಾ, ನನ್ನ ಕನ್ನಡಕ ಮನೇಲಿ ಬಿಟ್ಟುಬಂದೆ" ಎನ್ನುವರು. ಕನ್ನಡಕ ಅವರ ಕೈಚೀಲದಲ್ಲೇ ಇರುತ್ತಿತ್ತು! ಒಂದು ತಿಂಗಳ ಮೇಲೆ, "ಮುಂದಿನ ವಾರ ಕೂಟ ಯಾರ ಮನೇಲಿ ಅಂತ ನೀನೇ ಹೇಳಿಬಿಡು" ಎನ್ನುವರು. ಆಮೇಲೆ ಕಾಯಿಲೆಯವರನ್ನು ನೋಡಲು ಹೋಗುವಾಗ ಜೊತೆಗೆ ಕರೆದುಕೊಂಡು ಹೋಗುವರು. ಅಲ್ಲಿ ಹೋಗಿ ಸುಮ್ಮನೆ ಕೂತು, "ಪ್ರಾರ್ಥನೆ ಮಾಡವ್ವಾ" ಎಂದು ನನ್ನ ಕಡೆ ತಿರುಗುವರು.

ನಾಲ್ಕು ಜನರ ಎದುರು ಗಟ್ಟಿಯಾಗಿ ಪ್ರಾರ್ಥನೆ ಮಾಡುವುದು ಸುಲಭವಲ್ಲ ಕಣ್ರೀ. ಮನಸ್ಸಿನಲ್ಲಿ ದೇವರ ಹತ್ತಿರ ಏನು ಬೇಕಾದರೂ ಹೇಳಿಕೊಳ್ಳಬಹುದು. ಆದರೆ ಮಂಚದ ಮೇಲೆ ಮಲಗಿರುವ ಮುದುಕಿ, ಅವಳ ಮಗ, ಸೊಸೆ ಎಲ್ಲರೂ ಕೇಳಿಸಿಕೊಳ್ಳುತ್ತಿರುವಾಗ ಅವರ ದುಃಖಕ್ಕೆ ನೀವು ಮಾತು ಕೊಡಬೇಕು. ಹೆಚ್ಚು ಹೇಳಿದರೆ ನಾಟಕ, ಕಡಿಮೆ ಹೇಳಿದರೆ ಉಪೇಕ್ಷೆ. ನನ್ನ ಗಂಟಲು ಒಣಗುತ್ತಿತ್ತು. ಆದರೆ ಹೀಗೆ ಹತ್ತಿಪ್ಪತ್ತು ಮನೆಗಳಲ್ಲಿ ಬಾಯಿ ಬಿಟ್ಟ ಹೆಂಗಸು ಮುಂದೆ ಕಮಿಟಿಯ ಎದುರು ಬಾಯಿ ಬಿಡಲು ಅಷ್ಟು ಹೆದರುವುದಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬೈಬಲಮ್ಮ ಕೊನೆಗೆ ಕೊಡುತ್ತಿದ್ದದ್ದು ಲೆಕ್ಕದ ಪುಸ್ತಕ. ಆಟೋಗೆ ಹತ್ತು ರೂಪಾಯಿ ಕೊಟ್ಟರೂ ಅವತ್ತೇ ಬರೆಯಬೇಕು. "ದೇವರ ದುಡ್ಡಲ್ವಾ, ಯಾರು ಕೇಳ್ತಾರೆ ಅನ್ನಬೇಡ. ದೇವರ ದುಡ್ಡಿಗೇ ಕೇಳೋವ್ರು ಜಾಸ್ತಿ" ಎನ್ನುತ್ತಿದ್ದರು.

ಈಗ ಆ ಹಿಡಿ ಅಕ್ಕಿಯ ಮಾತಿಗೆ ಬರುತ್ತೇನೆ. ಅನ್ನಕ್ಕೆ ಅಕ್ಕಿ ಅಳೆದುಕೊಂಡ ಮೇಲೆ ಅದರಲ್ಲಿ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು. ಬೆಳಿಗ್ಗೆ ಒಂದು, ರಾತ್ರಿ ಒಂದು. ತಿಂಗಳ ಕೊನೆಯ ಗುರುವಾರ ಎಲ್ಲರೂ ಡಬ್ಬಿ ತಂದು ಒಂದೇ ಚೀಲಕ್ಕೆ ಸುರಿಯುವುದು. ಈ ಪದ್ಧತಿ ನಮ್ಮಲ್ಲಿ ಮಾತ್ರ ಇರುವುದಲ್ಲ. ದೂರದ ಮಿಜೋರಾಂನಲ್ಲಿ ಪ್ರೆಸ್ಬಿಟೀರಿಯನ್ ಸಭೆಯ ಹೆಂಗಸರು ಇದನ್ನು 1910ರಲ್ಲೇ ಶುರುಮಾಡಿದರು. ಅಲ್ಲಿ ಅದು ಬೆಳೆದು ಇಡೀ ಸಭೆಯ ಸೇವೆಗೇ ಆಧಾರವಾಗಿದೆ.

ಲೆಕ್ಕ ಹಾಕಿ ನೋಡಿ. ಒಂದು ಹಿಡಿ ಎಂದರೆ ಸುಮಾರು 50 ಗ್ರಾಂ. ದಿನಕ್ಕೆ 100 ಗ್ರಾಂ, ತಿಂಗಳಿಗೆ 3 ಕೆಜಿ. ನಮ್ಮಲ್ಲಿ 30 ಮನೆಯವರು ತಪ್ಪದೆ ಹಾಕುತ್ತಿದ್ದರು, ಅಲ್ಲಿಗೆ 90 ಕೆಜಿ ಆಯಿತು. ಬಗೆಬಗೆಯ ಅಕ್ಕಿ ಬೆರೆತಿರುವುದರಿಂದ ಅಂಗಡಿಯವನು ಪೂರಾ ಬೆಲೆ ಕೊಡುತ್ತಿರಲಿಲ್ಲ. ಕೆಜಿಗೆ 25 ರೂಪಾಯಿ ಕೊಟ್ಟರೂ ತಿಂಗಳಿಗೆ 2,250, ವರ್ಷಕ್ಕೆ 27,000 ರೂಪಾಯಿ. ಯಾರ ಗಂಡನ ಜೇಬಿಗೂ ಕೈ ಹಾಕದೆ, ಯಾರ ಹತ್ತಿರವೂ ರಸೀತಿ ಪುಸ್ತಕ ಹಿಡಿದುಕೊಂಡು ಹೋಗದೆ ಆದ ದುಡ್ಡು ಇದು. ಅದರಿಂದ ನಮ್ಮ ಸಭೆಯ ಬಡ ಮನೆಗಳ ಹೆಣ್ಣುಮಕ್ಕಳ ಕಾಲೇಜು ಫೀಸು ಕಟ್ಟುತ್ತಿದ್ದೆವು.

ನಾನು ಕಾರ್ಯದರ್ಶಿಯಾದದ್ದು 2013ರಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆಂಧ್ರದ ನಂದ್ಯಾಲ ಡಯಾಸಿಸ್ಸಿಗೆ ಇ. ಪುಷ್ಪಲಲಿತ ಎಂಬುವರು ಬಿಷಪ್ಪರಾದರು. ದಕ್ಷಿಣ ಭಾರತ ಸಭೆಯಲ್ಲಿ ಬಿಷಪ್ ಪದವಿಗೆ ಏರಿದ ಮೊದಲ ಹೆಂಗಸು. ಅದಕ್ಕೂ ಮೊದಲು, 1976ರಲ್ಲಿ, ಎಲಿಜಬೆತ್ ಪಾಲ್ ಎಂಬುವರು ಈ ಸಭೆಯ ಮೊದಲ ಮಹಿಳಾ ಪಾದ್ರಿಯಾಗಿ ದೀಕ್ಷೆ ಪಡೆದಿದ್ದರು. ಲೆಕ್ಕ ಹಾಕಿದರೆ ಪಾದ್ರಿಯಿಂದ ಬಿಷಪ್ಪಿಗೆ ಬರಲು 37 ವರ್ಷ ಬೇಕಾಯಿತು. ನಮ್ಮ ಕೂಟದಲ್ಲಿ ಆ ಸುದ್ದಿ ಓದಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬ ಅಜ್ಜಿ ಮಾತ್ರ, "ಅದೆಲ್ಲಾ ಸರಿ, ನಮ್ ಚರ್ಚಿನ ಹಿಂದ್ಗಡೆ ಹೆಂಗಸರಿಗೆ ಒಂದು ಬಚ್ಚಲು ಕಟ್ಟಿಸ್ಕೊಡೋಕೆ ಎಷ್ಟು ವರ್ಷ ಬೇಕು ಕೇಳಿ" ಎಂದರು. ಅಜ್ಜಿಯ ಮಾತಿನಲ್ಲೂ ಸತ್ಯವಿದೆ, ಇಲ್ಲವೆನ್ನಲಾರೆ.

2016ರ ಏಪ್ರಿಲ್‌ನಲ್ಲಿ ಒಂದು ಭಾನುವಾರ. ಆರಾಧನೆ ಮುಗಿದ ಮೇಲೆ ಪ್ರಕಟಣೆ ಓದಿದರು. ಚರ್ಚಿನ ಕಾಂಪೌಂಡ್ ಗೋಡೆ ಬಿದ್ದುಹೋಗಿದೆ, ದನಕರು ಒಳಗೆ ಬರುತ್ತವೆ, ಆದ್ದರಿಂದ ಹೆಂಗಸರ ಕೂಟದ ಖಾತೆಯಲ್ಲಿರುವ 48,000 ರೂಪಾಯಿಯನ್ನು ಗೋಡೆಗೆ ಉಪಯೋಗಿಸುವುದೆಂದು ಸಭಾ ಕಮಿಟಿ ತೀರ್ಮಾನಿಸಿದೆ. ನಮ್ಮನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಕಮಿಟಿಯಲ್ಲಿ ಇಬ್ಬರು ಹೆಂಗಸರಿದ್ದರು. ಆ ದಿನದ ಮೀಟಿಂಗಿನಲ್ಲಿ ಅವರಿಬ್ಬರೂ ಒಳಗೆ ಕಾಫಿ ಮಾಡುತ್ತಿದ್ದರಂತೆ.

ಮುಂದಿನ ಗುರುವಾರ ಕೂಟಕ್ಕೆ ಎಂದೂ ಇಲ್ಲದಷ್ಟು ಜನ. ಮಾತು ಮೂರು ದಿಕ್ಕಿಗೆ ಹೋಯಿತು. "ಇವತ್ತೇ ದುಡ್ಡು ತೆಗೆದು ಹಂಚಿಬಿಡೋಣ" ಎಂದು ಕೆಲವರು. "ದೇವರ ಮನೆ ಗೋಡೆ ತಾನೇ, ಕೊಟ್ಟುಬಿಡೋಣ, ಜಗಳ ಯಾಕೆ" ಎಂದು ಕೆಲವರು. "ಬಿಷಪ್ಪರಿಗೆ ಮೂಗರ್ಜಿ ಹಾಕೋಣ" ಎಂದೂ ಒಂದು ಸಲಹೆ ಬಂತು. ನಿಜ ಹೇಳುತ್ತೇನೆ, ನನಗೆ ಕೈಕಾಲು ನಡುಗುತ್ತಿತ್ತು. ನಮ್ಮ ಮನೆಯವರೂ ಆಗ ಅದೇ ಕಮಿಟಿಯಲ್ಲಿದ್ದರು. ಮನೆಗೆ ಹೋಗಿ ಅವರಿಗೆ ಚಪಾತಿ ಬಡಿಸಬೇಕಾದವಳು ನಾನೇ ಅಲ್ಲವೇ?

ಬೈಬಲಮ್ಮನಿಂದ ಕಲಿತ ಒಂದು ಉಪಾಯ ನೆನಪಾಯಿತು. ಒಬ್ಬೊಬ್ಬರನ್ನೂ ಸರದಿಯ ಮೇಲೆ ಕೇಳುವುದು, ಎಲ್ಲರಿಗಿಂತ ಚಿಕ್ಕವರಿಂದ ಶುರುಮಾಡಿ ಹಿರಿಯರನ್ನು ಕೊನೆಗೆ ಇಟ್ಟುಕೊಳ್ಳುವುದು. ಅತ್ತೆ ಮೊದಲು ಮಾತಾಡಿದರೆ ಸೊಸೆ "ಅತ್ತೆ ಹೇಳಿದ ಹಾಗೆ" ಎಂದು ಬಾಯಿ ಮುಚ್ಚುತ್ತಾಳೆ. ಹಾಗೆ ಸರದಿ ಬಂದಾಗ, ಕೂಟದಲ್ಲಿ ಅದುವರೆಗೆ ಒಂದು ಮಾತೂ ಆಡದ ಒಬ್ಬಾಕೆ ಎದ್ದು ನಿಂತಳು. ಮನೆಗೆಲಸ ಮಾಡಿ ಬದುಕುವ ವಿಧವೆ. "ನನ್ನ ಮಗಳು ನರ್ಸಿಂಗ್ ಎರಡನೇ ವರ್ಷ. ಜೂನ್‌ನಲ್ಲಿ ಫೀಸು. ಅಕ್ಕಿ ಹಾಕಿದೋಳು ನಾನೂ ಹೌದು. ಗೋಡೆ ಮುಂದಿನ ವರ್ಷ ಕಟ್ಟಬಹುದು, ಎರಡನೇ ವರ್ಷದ ಫೀಸು ಮುಂದಿನ ವರ್ಷ ಕಟ್ಟೋಕಾಗಲ್ಲ" ಎಂದಳು. ಅಷ್ಟೇ. ಕೂತುಕೊಂಡಳು. ಆಮೇಲೆ ಹಣ ಹಂಚುವ ಮಾತೂ ಬರಲಿಲ್ಲ, ಕೊಟ್ಟುಬಿಡುವ ಮಾತೂ ಬರಲಿಲ್ಲ.

ಕಮಿಟಿಗೆ ನಾನೊಬ್ಬಳೇ ಹೋಗಲಿಲ್ಲ, ನಾಲ್ವರು ಹೋದೆವು. ಒಬ್ಬಳೇ ಹೋದರೆ 'ಇವಳ ಹಟ' ಎನ್ನುತ್ತಾರೆ, ನಾಲ್ವರು ಹೋದರೆ 'ಕೂಟದ ತೀರ್ಮಾನ' ಎನ್ನಬೇಕಾಗುತ್ತದೆ. ನಮ್ಮ ಕೈಯಲ್ಲಿ ಇದ್ದದ್ದು ಎರಡು ಪುಸ್ತಕ. ಒಂದು ಲೆಕ್ಕದ್ದು. ಇನ್ನೊಂದು 2004ರ ನಡಾವಳಿ ಪುಸ್ತಕ. ಹಿಡಿ ಅಕ್ಕಿಯ ಹಣ ಹೆಣ್ಣುಮಕ್ಕಳ ಓದಿಗೆ ಮಾತ್ರ ಎಂದು ಬೈಬಲಮ್ಮನ ಕೈಬರಹದಲ್ಲಿ ಬರೆದು, ಆಗಿನ ಪಾದ್ರಿಗಳ ರುಜು ಹಾಕಿಸಿದ್ದ ಪುಟ ಅದರಲ್ಲಿತ್ತು. ಹನ್ನೆರಡು ವರ್ಷ ಮುಂಚೆಯೇ ಆ ಪುಣ್ಯಾತ್ಗಿತ್ತಿ ಇದನ್ನು ಊಹಿಸಿದ್ದರೋ ಏನೋ! ನಾವು ದನಿ ಎತ್ತಲಿಲ್ಲ. ಪುಟ ತೆಗೆದು ಓದಿದೆವು. ಜೊತೆಗೆ, ಗೋಡೆಗೆ ಬೇರೆ ದಾರಿಯಲ್ಲಿ ನಾವೂ ದುಡಿದು ಕೊಡುತ್ತೇವೆ ಎಂದೂ ಹೇಳಿದೆವು.

ತೀರ್ಮಾನವನ್ನು ಅವರು ರದ್ದುಮಾಡಲಿಲ್ಲ, 'ಮುಂದೂಡಲಾಗಿದೆ' ಎಂದು ಬರೆದುಕೊಂಡರು. ಗಂಡಸರ ಮಾನಕ್ಕೆ ಅಷ್ಟು ಜಾಗ ಬಿಡಬೇಕಾಗುತ್ತದೆ. ಆ ವರ್ಷದ ಬೆಳೆಯ ಹಬ್ಬದಲ್ಲಿ ನಾವು ಊಟದ ಅಂಗಡಿ ಹಾಕಿದೆವು. ಬೆಳೆಯ ಹಬ್ಬ ಎಂದರೆ ಹೊಲ ತೋಟದ ಮೊದಲ ಫಲವನ್ನು ಚರ್ಚಿಗೆ ತಂದು ಅರ್ಪಿಸಿ ಆಮೇಲೆ ಏಲಂ ಹಾಕುವ ದಿನ. ಒಂದು ಕುಂಬಳಕಾಯಿ ಸಾವಿರ ರೂಪಾಯಿಗೆ ಹೋಗುವುದೂ ಉಂಟು. (ಪ್ರಾಸಂಗಿಕವಾಗಿ ಹೇಳುತ್ತೇನೆ, 120 ಜನಕ್ಕೆ ಚಿತ್ರಾನ್ನ ಮಾಡುವುದಾದರೆ ತಲೆಗೆ 100 ಗ್ರಾಂನಂತೆ 12 ಕೆಜಿ ಅಕ್ಕಿ ಸಾಕು. ಅನ್ನವನ್ನು ಹರಡಿ ಪೂರ್ತಿ ಆರಿಸಿದ ಮೇಲೇ ಒಗ್ಗರಣೆ ಕಲಸಿ, ಇಲ್ಲವಾದರೆ ಮುದ್ದೆಯಾಗುತ್ತದೆ. ನಿಂಬೆರಸ ಕೊನೆಗೆ.) ಅಂಗಡಿಯ ಲಾಭ 9,400 ರೂಪಾಯಿ ಗೋಡೆಗೆ ಕೊಟ್ಟೆವು. ಗೋಡೆ ಒಂದು ವರ್ಷ ಅರ್ಧಕ್ಕೇ ನಿಂತಿತ್ತು, ನಿಜ. ದನಗಳು ಒಳಗೆ ಬರುತ್ತಲೇ ಇದ್ದವು. ಕಮಿಟಿಯ ಹಿರಿಯರೊಬ್ಬರು ಇವತ್ತಿಗೂ ನನಗೆ ವಂದನೆ ಹೇಳುವುದಿಲ್ಲ. ಮನೆಯಲ್ಲೂ ನಾಲ್ಕು ದಿನ ಮಾತು ಕಡಿಮೆಯಾಗಿತ್ತು. ಆಮೇಲೆ ನಮ್ಮ ಮನೆಯವರೇ ಏಲಂ ಕೂಗಿದರು ಅನ್ನಿ.

ಆ ಹುಡುಗಿ ಈಗ ಹುಬ್ಬಳ್ಳಿಯಲ್ಲಿ ನರ್ಸ್. ಕ್ರಿಸ್‌ಮಸ್ಸಿಗೂ ರಜೆ ಸಿಗುವುದಿಲ್ಲವಂತೆ. ನಾವು ಫೀಸು ಕಟ್ಟಿದ ಇನ್ನೊಬ್ಬಳು ನಡುವೆ ಓದು ಬಿಟ್ಟು ಮದುವೆಯಾದಳು. "ದುಡ್ಡು ದಂಡವಾಯಿತು" ಎಂದವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಅವಳು ಕಲಿತ ಒಂದು ವರ್ಷವನ್ನು ಯಾರೂ ಅವಳಿಂದ ವಾಪಸು ತೆಗೆದುಕೊಳ್ಳಲಾರರು.

ಕೆಲವರು ಕೇಳುತ್ತಾರೆ, "ಹೆಂಗಸರು ಸಭೆಯಲ್ಲಿ ಮುಂದೆ ಬರುವುದು ನಿಮ್ಮ ಶಾಸ್ತ್ರಕ್ಕೆ ಒಪ್ಪುತ್ತದೆಯೇ?" ಎಂದು. ಹೆಂಗಸರ ಭಾನುವಾರ ಬಂತೆಂದರೆ ನಮಗೆ ಪ್ರತಿವರ್ಷ ಜ್ಞಾನೋಕ್ತಿಗಳ 31ನೆಯ ಅಧ್ಯಾಯದ ಗುಣವತಿಯಾದ ಸತಿಯ ಮೇಲೇ ಪ್ರಸಂಗ. ಅವಳು ಬೆಳಗಿನ ಜಾವ ಏಳುವುದು, ನೂಲುವುದು ಇದನ್ನೆಲ್ಲ ಬಿಡಿಸಿ ಬಿಡಿಸಿ ಹೇಳುತ್ತಾರೆ. ಅದೇ ಸತಿ ತಾನೇ ನೋಡಿ ವಿಚಾರಿಸಿ ಹೊಲ ಕೊಳ್ಳುತ್ತಾಳೆ ಎಂಬ ವಚನ ಬಂದಾಗ ಮಾತ್ರ ಗಾಡಿ ಸ್ವಲ್ಪ ಬೇಗ ಓಡುತ್ತದೆ! ಖರ್ಜೂರದ ಮರದ ಕೆಳಗೆ ಕೂತು ಇಸ್ರಾಯೇಲರಿಗೆ ನ್ಯಾಯ ತೀರಿಸಿದ ದೆಬೋರಳಿದ್ದಾಳೆ. ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯನ್ನು ಪೌಲನು ರೋಮಾಪುರದವರಿಗೆ ಹೆಸರು ಹಿಡಿದು ಪರಿಚಯಿಸುತ್ತಾನೆ. ಇವರ ಮೇಲೆ ಪ್ರಸಂಗ ಕೇಳಬೇಕಾದರೆ ನಾವೇ ಮಾಡಿಕೊಳ್ಳಬೇಕು. ಮಾರ್ಚ್ ತಿಂಗಳ ಮೊದಲ ಶುಕ್ರವಾರ ವಿಶ್ವ ಪ್ರಾರ್ಥನಾ ದಿನ. ಪ್ರತಿವರ್ಷ ಒಂದೊಂದು ದೇಶದ ಹೆಂಗಸರು ಆ ದಿನದ ಆರಾಧನೆಯನ್ನು ಬರೆದು ಕಳಿಸುತ್ತಾರೆ, ಲೋಕದ ತುಂಬ ಅದೇ ನಡೆಯುತ್ತದೆ. ನಮ್ಮ ಊರಿನಲ್ಲಿ ಹೆಂಗಸರು ಮೊದಲು ಪ್ರಸಂಗ ಪೀಠ ಹತ್ತಿದ್ದು ಆ ನೆಪದಲ್ಲೇ.

ಇನ್ನೊಬ್ಬರನ್ನು ನೆನೆಯದೆ ಇರಲಾರೆ. ಪಂಡಿತಾ ರಮಾಬಾಯಿ ಎಂದರೆ ಮಹಾರಾಷ್ಟ್ರದವರು ಎಂದೇ ನಮ್ಮ ಎಣಿಕೆ. ಆದರೆ ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಸ್ವಜನರ ವಿರೋಧ ಕಟ್ಟಿಕೊಂಡ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಅಲ್ಲಿ ಆಶ್ರಮ ಕಟ್ಟಿಕೊಂಡಿದ್ದರು. ಮಗಳು ಕಲಿತದ್ದು ತಾಯಿಯಿಂದ. ಬರಗಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡು ಅಣ್ಣನೊಡನೆ ಊರೂರು ನಡೆದು, 1878ರಲ್ಲಿ ಕಲಕತ್ತೆಯ ಪಂಡಿತರಿಂದ 'ಪಂಡಿತಾ', 'ಸರಸ್ವತಿ' ಎನ್ನಿಸಿಕೊಂಡರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ಅಲ್ಲಿ, ಹಿಂದೂಸ್ಥಾನದ ಹೆಂಗಸು ಇಂಗ್ಲಿಷ್ ಗಂಡುಹುಡುಗರಿಗೆ ಪಾಠ ಹೇಳಬಾರದೆಂದು ಬಿಷಪ್ಪರು ಅಡ್ಡಬಂದಾಗ, ನನ್ನ ದೇಶದಲ್ಲಿ ಗಂಡಸರ ಸಭೆಗಳಲ್ಲೇ ಮಾತಾಡಿ ಬಂದವಳು ನಾನು ಎಂಬ ಧಾಟಿಯಲ್ಲಿ ಧೈರ್ಯವಾಗಿ ಉತ್ತರ ಬರೆದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ, ಆಮೇಲೆ ಪುಣೆಯ ಹತ್ತಿರ ಕೇಡಗಾಂವಿನಲ್ಲಿ ಮುಕ್ತಿ ಸದನ. ಬರಗಾಲದಿಂದ ಬಂದ ನೂರಾರು ಹೆಣ್ಣುಮಕ್ಕಳು ಅಲ್ಲಿ ಹೊಲ, ಮಗ್ಗ, ಅಚ್ಚುಕೂಟ ಎಲ್ಲವನ್ನೂ ನಡೆಸಿದರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಮಾಡಿದ ಮರಾಠಿ ಬೈಬಲಿಗೆ ಮೊಳೆ ಜೋಡಿಸಿ ಅಚ್ಚುಹಾಕಿದ್ದೂ ಅವರೇ. ಅವರು 1922ರಲ್ಲಿ ತೀರಿಕೊಂಡರು, ಮುಕ್ತಿ ಸದನ ಮುಂದುವರಿಯಿತು. ನನಗೆ ಅವರ ವಿದ್ಯೆಗಿಂತ ಇದೇ ದೊಡ್ಡದಾಗಿ ಕಾಣುತ್ತದೆ.

ಏಕೆಂದರೆ ಬಿಟ್ಟುಕೊಡುವುದೇ ಕಷ್ಟದ ಪಾಠ. ವಿಮೋಚನಕಾಂಡದಲ್ಲಿ ಮೋಶೆಯ ಮಾವ ಇತ್ರೋ ಬಂದು ನೋಡಿದರೆ, ಅಳಿಯ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ಇಡೀ ಜನರ ವ್ಯಾಜ್ಯ ತೀರಿಸುತ್ತಿದ್ದಾನೆ. ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ, ಹತ್ತು ಜನಕ್ಕೊಬ್ಬ, ಐವತ್ತಕ್ಕೊಬ್ಬ ಎಂದು ನೇಮಿಸು ಎಂದು ಬುದ್ಧಿ ಹೇಳುತ್ತಾನೆ. ಮಾವನ ಮಾತು ಕೇಳಿದ ಅಳಿಯ ಎಂದು ನಾವು ಕೂಟದಲ್ಲಿ ನಗುತ್ತಿದ್ದೆವು. ಆ ಪ್ರಕಾರವೇ ನಮ್ಮ ಮನೆಗಳನ್ನು ಹತ್ತತ್ತಾಗಿ ಹಂಚಿ ಒಬ್ಬೊಬ್ಬರಿಗೆ ವಹಿಸಿದೆವು. ಆ ಹತ್ತು ಮನೆಗಳ ಕಾಯಿಲೆ, ಕಸಾಲೆ, ಅಕ್ಕಿ ಡಬ್ಬಿ ಎಲ್ಲ ಅವರದೇ ಜವಾಬ್ದಾರಿ. ಯಾರೂ ಮೂರು ವರ್ಷದಂತೆ ಎರಡು ಸಲಕ್ಕಿಂತ ಹೆಚ್ಚು ಕಾರ್ಯದರ್ಶಿಯಾಗಿ ಇರಬಾರದೆಂದೂ ಬರೆದುಕೊಂಡೆವು. ಆ ನಿಯಮದಂತೆ ನಾನು 2019ರಲ್ಲಿ ಇಳಿದೆ.

ಈಗಿನ ಕಾರ್ಯದರ್ಶಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಹುಡುಗಿ. ನಾನು ಆರು ತಿಂಗಳಿಗೊಮ್ಮೆ ಓದುತ್ತಿದ್ದ ಲೆಕ್ಕವನ್ನು ಅವಳು ಪ್ರತಿ ತಿಂಗಳೂ ವಾಟ್ಸಾಪಿನಲ್ಲಿ ಹಾಕುತ್ತಾಳೆ. ಹಾಡಿನ ಕ್ರಮ ಬದಲಾಯಿಸಿದ್ದಾಳೆ, ನನಗೆ ಹಿಡಿಸಲಿಲ್ಲ. ಕೇಳಿದರೆ ಹೇಳುತ್ತೇನೆ, ಅವಳು ಕೇಳಿಲ್ಲ. ಟೀ ಲೋಟ ತೊಳೆಯುತ್ತಾ ಸುಮ್ಮನಿರುತ್ತೇನೆ. ಸುಮ್ಮನಿರುವುದು ಕಾರ್ಯದರ್ಶಿಯಾಗುವುದಕ್ಕಿಂತ ಕಷ್ಟ ಕಣ್ರೀ.

ಅವಳು ಈಗ ಒಂದು ಹೊಸ ಪ್ರಶ್ನೆ ಎತ್ತಿದ್ದಾಳೆ. ಮನೆಮನೆಯಲ್ಲೂ ಸಕ್ಕರೆ ಕಾಯಿಲೆ. ರಾತ್ರಿ ಅನ್ನ ಮಾಡುವವರೇ ಕಡಿಮೆ, ಚಪಾತಿ ರಾಗಿಮುದ್ದೆ ಹೆಚ್ಚು. ಡಬ್ಬಿಗಳು ಅರ್ಧಕ್ಕೇ ಬರುತ್ತಿವೆ. ಹಿಡಿ ಅಕ್ಕಿ ನಿಲ್ಲಿಸಿ, ತಿಂಗಳಿಗೆ ನೂರು ರೂಪಾಯಿಯಂತೆ ಫೋನಿನಲ್ಲೇ ಕಳಿಸಿಬಿಡೋಣ ಎನ್ನುತ್ತಾಳೆ. ಹಾಗೆ ಮಾಡಿದರೆ ಹಣ ಹೆಚ್ಚು ಬರುತ್ತದೆ, ಸುಳ್ಳಲ್ಲ. ಆದರೆ ಫೋನು ಗಂಡನ ಕೈಯಲ್ಲಿರುವ ಮನೆಗಳು ಎಷ್ಟೋ ಇವೆ, ಅಕ್ಕಿಯ ಡಬ್ಬಿ ಮಾತ್ರ ಇನ್ನೂ ಹೆಂಗಸಿನ ಕೈಯಲ್ಲೇ ಇದೆ ಎಂದು ಆ ಮನೆಗೆಲಸದಾಕೆ ಎದ್ದು ಹೇಳಿದಳು. ಈಗ ಅವಳು ಹತ್ತು ಮನೆಗಳ ಜವಾಬ್ದಾರಿ ಹೊತ್ತವಳು, ಎದ್ದು ನಿಲ್ಲಲು ಸರದಿಗೆ ಕಾಯುವುದಿಲ್ಲ. ಬರುವ ಗುರುವಾರ ಇದರ ಮೇಲೆ ಚರ್ಚೆಯಿದೆ. ಚಿಕ್ಕವರಿಂದ ಶುರುಮಾಡಿ ಕೇಳುತ್ತಾರೆ. ನನ್ನ ಸರದಿ ಈಗ ಕೊನೆಯಲ್ಲಿ ಬರುತ್ತದೆ.